ಕಡತ ಎಲ್ಲಿ ಕುಳಿತಿದೆ?

ಕಡತ ಎಂಬ ಮೂರಕ್ಷರದ ಮಾತು ನಮ್ಮ ನಡುವೆ ಎಷ್ಟು ವೇಷಗಳಲ್ಲಿ ಓಡಾಡುತ್ತಿದೆ ನೋಡಿ. ವಿಧಾನಸೌಧದಲ್ಲಿ ಅದು ಮೇಜಿನಿಂದ ಮೇಜಿಗೆ ಚಲಿಸುತ್ತದೆ, ಸಹಿಗೆ ಕಾಯುತ್ತದೆ, ವಿಲೇವಾರಿಯಾಗುತ್ತದೆ, ಆಗದಿದ್ದರೆ ಧೂಳು ತಿನ್ನುತ್ತದೆ, ತೀರ ಬೇಕಾದ ಹೊತ್ತಿಗೆ ನಾಪತ್ತೆಯಾಗುತ್ತದೆ. ಅದೇ ಕಟ್ಟಡದ ಸಭಾಂಗಣದಲ್ಲಿ ಶಾಸಕರೊಬ್ಬರು ಆಡಬಾರದ ಮಾತಾಡಿದರೆ 'ಕಡತದಿಂದ ತೆಗೆಯಿರಿ' ಎಂದು ಸಭಾಧ್ಯಕ್ಷರ ಅಪ್ಪಣೆಯಾಗುತ್ತದೆ, ಅಲ್ಲಿ ಕಡತವೆಂದರೆ ನಡಾವಳಿಯ ದಾಖಲೆ. ಮಠಮಾನ್ಯಗಳ ಚರಿತ್ರೆ ಬರೆಯುವವರಿಗೆ ಅದು ಕರಿಬಟ್ಟೆಯ ಪುಸ್ತಕ. ಕನ್ನಡದ ಮೆನು ಹಾಕಿಕೊಂಡ ಲಿನಕ್ಸ್ ಗಣಕದಲ್ಲಿ ಎಡಮೂಲೆಯ ಮೊದಲ ಮಾತೇ 'ಕಡತ', ಅದನ್ನಿಡುವ ಜಾಗ 'ಕಡತಕೋಶ'. ಒಂದೇ ಪದ ಅರಿವೆಯೂ ಆಗಿ, ಕಾಗದದ ಕಟ್ಟೂ ಆಗಿ, ಆಡಿದ ಮಾತಿನ ದಾಖಲೆಯೂ ಆಗಿ, ಕೊನೆಗೆ ಕೈಗೆ ಸಿಗದ ಸೊನ್ನೆ-ಒಂದುಗಳ ಸಾಲೂ ಆಗಿರುವಾಗ, ಪದಪ್ರಿಯರಾದ ನಮಗೆ ಏಳಬೇಕಾದ ಪ್ರಶ್ನೆಯೊಂದಿದೆ: ಈ ಕಡತ ಕುಳಿತಿರುವುದು ಯಾವುದರ ಮೇಲೆ?

ಮೊದಲಿನ ಉತ್ತರ ಸುಲಭ. ಕಡತ ಕುಳಿತಿದ್ದುದು ಹತ್ತಿಬಟ್ಟೆಯ ಮೇಲೆ. ಅಲ್ಲ, ಬಟ್ಟೆಯೇ ಕಡತ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ಅಳತೆಸಹಿತ ಬಣ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆ, ಎರಡೂ ಮೈಗೆ ಇದ್ದಿಲ ಪುಡಿ ಕಲಸಿದ ಸರಿಯ ಲೇಪ, ಒಣಗಿದ ಮೇಲೆ ಕತ್ತರಿಸದೆ ಒಂದರ ಮೇಲೊಂದು ಮಡಿಸಿ ಎರಡು ಕೊನೆಗೂ ಬಣ್ಣದ ಮರದ ಹಲಗೆ. ಲಿಪಿಶಾಸ್ತ್ರದ ಬ್ಯೂಲರ್ 1896ರಲ್ಲಿ ಕನ್ನಡನಾಡಿನ ವರ್ತಕರ ಲೆಕ್ಕದ ಪುಸ್ತಕವೆಂದು ಇದನ್ನೇ ಹೆಸರಿಸಿ, ಆ ಸರಿ ಹುಣಿಸೆಬೀಜದ್ದೆಂದು ಹೇಳುತ್ತಾನೆ. ಬರೆಯುತ್ತಿದ್ದುದು ಬಳಪದಲ್ಲಿ. ಬಳಪದ ಕಲ್ಲೆಂದರೆ ಬೇಲೂರು ಹಳೇಬೀಡುಗಳಲ್ಲಿ ಮದನಿಕೆಯರಾಗಿ ನಿಂತ ಅದೇ ಮೆದುಗಲ್ಲು. ದೇವಾಲಯದಲ್ಲಿ ಶತಮಾನಗಳು ಬಾಳಿದ ಕಲ್ಲೇ ಅಂಗಡಿಯಲ್ಲಿ ಬೆಳಗ್ಗೆ ಬರೆದು ಸಂಜೆ ಒರೆಸುವ ಸಾಲದ ಲೆಕ್ಕವೂ ಆಗುತ್ತಿತ್ತು. ಶೃಂಗೇರಿಯ ಮಠದಲ್ಲಿ ಇಂಥ ನೂರಾರು ಕಡತಗಳು ಉಳಿದಿವೆ. ಅಲೆಕ್ಸಾಂಡರನ ನೌಕಾಪತಿ ನಿಯರ್ಕಸ್, ಭಾರತೀಯರು ಒತ್ತಾಗಿ ನೆಯ್ದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದ್ದನ್ನು ಸ್ಟ್ರೇಬೊ ಉಳಿಸಿಕೊಟ್ಟಿದ್ದಾನೆ; ಅದು ನಮ್ಮ ಕಡತವೇ ಎಂದು ಹೆಮ್ಮೆಪಡುವ ಅವಸರ ನಮಗೆ ಬೇಡ, ಆದರೆ ಬಟ್ಟೆಯ ಮೇಲೆ ಬರೆಯುವ ರೂಢಿಗೆ ವಯಸ್ಸಾಗಿದೆ ಎಂಬಷ್ಟನ್ನು ಒಪ್ಪಬಹುದು.

ಶಾಸನಗಳಲ್ಲಿ ಈ ಪದಕ್ಕೆ 'ಕಡಿತ' ಎಂಬ ರೂಪವಿದೆ, ತೆಲುಗಿನಲ್ಲಿ ಕಡಿತಮು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕಡಿತವೆರ್ಗಡೆ' ಎಂಬ ಅಧಿಕಾರಿ ದಂಡನಾಯಕ, ಸಂಧಿವಿಗ್ರಹಿಗಳ ಸಾಲಿನಲ್ಲೇ ನಿಲ್ಲುತ್ತಾನೆ. ಕಡಿತಗಳ ಮೇಲಿನ ಪೆರ್ಗಡೆ, ಅಂದರೆ ಹೆಗ್ಗಡೆ. ರಾಜ್ಯದ ಲೆಕ್ಕಪತ್ರಗಳೆಲ್ಲ ಅವನ ಉಸ್ತುವಾರಿ. ಇವತ್ತು ದೊಡ್ಡ ಕಂಪನಿಗಳಲ್ಲಿ ಸ್ಟೋರೇಜ್ ಅಡ್ಮಿನ್ ಎಂದು ಕರೆಸಿಕೊಳ್ಳುತ್ತ ನಡುರಾತ್ರಿ ಫೋನಿಗೆ ಓಗೊಡುವವರಿಗೆ ಈ ಬಿರುದನ್ನು ಮರಳಿ ಕೊಟ್ಟರೆ ಸಂಬಳ ಹೆಚ್ಚದಿದ್ದರೂ ಠೀವಿ ಬಂದೀತು. 'ಕಡಿತ' ಎಂದೊಡನೆ ಕಡಿ ಧಾತುವಿನ ಕಡೆಗೆ ಮನಸ್ಸು ಹರಿಯುತ್ತದೆ. ಹಾವಿನ ಕಡಿತ, ವೆಚ್ಚ ಕಡಿತ, ವಿದ್ಯುತ್ ಕಡಿತ ಎಂದು ನಾವು ದಿನವೂ ಆಡುವುದು ಆ ಧಾತುವಿನ ಮಕ್ಕಳನ್ನೇ. ಆದರೆ ವಿಲ್ಕ್ಸನ ಮಾತನ್ನು ನೆನೆಯಿರಿ: ಕಡತವನ್ನು ಕಡಿಯುವುದಿಲ್ಲ, ಮಡಿಸುವುದು. ಉಚ್ಚಾರದ ಹೋಲಿಕೆಯನ್ನು ನೆಚ್ಚಿ ವ್ಯುತ್ಪತ್ತಿ ಕಟ್ಟುವವರಿಗೆ ಈ ವಸ್ತುವೇ ಅಡ್ಡ ಬರುತ್ತದೆ. ವಿದ್ಯುತ್ ಕಡಿತಕ್ಕೂ ಕಡತಕ್ಕೂ ಬೇರೆಯೇ ಒಂದು ನಂಟಿದೆ, ಅದಕ್ಕೆ ಆಮೇಲೆ ಬರೋಣ.

ಕಡತದ ನೆರೆಹೊರೆಯಲ್ಲೂ ಒಂದು ಸುತ್ತು ಹಾಕಬೇಕು. ತಾಳೆಗರಿಯ ಓಲೆ ಕಂಟದಿಂದ ಕೊರೆದದ್ದು, ಒರೆಸಲಾಗದು. ತೂತಿಗೆ ದಾರ ಪೋಣಿಸಿ ಕಟ್ಟಿದ್ದರಿಂದ ಅದರ ಸುತ್ತ ಹುಟ್ಟಿದ ಮಾತುಗಳೆಲ್ಲ ದಾರದವು, ಗಂಟಿನವು: ಸೂತ್ರ, ಗ್ರಂಥ. ಇಂಗ್ಲಿಷಿನ ಫೈಲ್ ಕೂಡ ಈ ಬಳಗದ್ದೇ. ಲ್ಯಾಟಿನ್ನಿನ ಫೀಲಮ್ ಎಂದರೆ ನೂಲು, ಕಾಗದಗಳನ್ನು ದಾರಕ್ಕೋ ತಂತಿಗೋ ಚುಚ್ಚಿಡುತ್ತಿದ್ದುದರ ನೆನಪು. ಶಾನುಭೋಗರ ದಫ್ತರ ಪಾರಸಿಯಿಂದ ಬಂದದ್ದು, ಪಾರಸಿಗೆ ಗ್ರೀಕಿನ ದಿಫ್ತೆರಾದಿಂದ. ಅಲ್ಲಿ ಅದು ಹದಮಾಡಿದ ತೊಗಲು. ವರ್ತಕರ ವಹಿ ವಹಿವಾಟಿನಲ್ಲಿ ಬೆರೆತು ತನ್ನ ಪುಸ್ತಕತನವನ್ನೇ ಮರೆತಿದೆ. ಕಡತ ಮಾತ್ರ ಮಡಿಕೆಯದು. 'ಪುಟ'ವೂ ಹಾಗೆಯೇ, ಸಂಸ್ಕೃತದಲ್ಲಿ ಅದಕ್ಕೆ ಮಡಿಕೆ, ದೊನ್ನೆಯಂಥ ಕುಳಿ ಎಂಬ ಅರ್ಥಗಳಿವೆ. ನೂಲು, ತೊಗಲು, ಗರಿ, ಅರಿವೆ: ದಾಖಲೆಯ ಹೆಸರುಗಳೆಲ್ಲ ಮೊದಲಿಗೆ ಯಾವುದೋ ಪದಾರ್ಥದ ಹೆಸರುಗಳು. ಪದಾರ್ಥ ಹೋಯಿತು, ಹೆಸರು ಬರಹಕ್ಕೆ ಅಂಟಿಕೊಂಡಿತು. ಕಾಗದ ಬಂದಾಗ ಕಪ್ಪುಬಟ್ಟೆ ಮೂಲೆಗೆ ಸೇರಿ, ಕೆಂಪು ಲಾಡಿ ಕಟ್ಟಿದ ಕಾಗದದ ಹೊರೆಗೆ 'ಕಡತ' ಎಂದಾಯಿತು. ಈಚೆಗೆ ಲಾಡಿಯೂ ಹೋಗಿ ಇ-ಕಡತವಾಯಿತು.

ಫೈಲ್ ಎಂಬ ಪದವೂ ಗಣಕದ ಲೋಕದಲ್ಲಿ ಥೇಟ್ ಇದೇ ದಾರಿಯನ್ನು ನಡೆದಿದೆ. 1956ರ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ 'ರಾಮ್ಯಾಕ್' ಎಂಬ ಯಂತ್ರವನ್ನು ಪ್ರಕಟಿಸಿತು. ಅದರೊಳಗಿನ 350ನೇ ಮಾದರಿಯ ಘಟಕವೇ ಲೋಕದ ಮೊದಲ ಹಾರ್ಡ್ ಡಿಸ್ಕ್ ಡ್ರೈವ್. ಇಪ್ಪತ್ತನಾಲ್ಕು ಅಂಗುಲ ವ್ಯಾಸದ ಐವತ್ತು ತಟ್ಟೆಗಳು, ನಿಮಿಷಕ್ಕೆ 1,200 ಸುತ್ತು, ಒಂದು ಟನ್ನಿಗೂ ಮಿಕ್ಕ ತೂಕ, ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇವತ್ತಿನ ಮೊಬೈಲಿನ ಒಂದು ಫೋಟೊ ಅದರಲ್ಲಿ ಹಿಡಿದರೆ ಹಿಡಿದೀತು. ರಾಮ್ಯಾಕ್ ಎಂಬ ಸಂಕ್ಷೇಪವನ್ನು ಬಿಡಿಸಿದರೆ ಕೊನೆಯ ಎರಡಕ್ಷರ ಲೆಕ್ಕಪತ್ರ ಮತ್ತು ನಿಯಂತ್ರಣಕ್ಕೆ ಸೇರಿದವು. ನಮ್ಮ ಕಡತದಂತೆಯೇ ಇದೂ ಹುಟ್ಟಿದ್ದು ವರ್ತಕರ ಲೆಕ್ಕಕ್ಕಾಗಿ, ಇದರ ತಟ್ಟೆಗೂ ಬಳಿದದ್ದು ಲೇಪವೇ, ಕಬ್ಬಿಣದ ಆಕ್ಸೈಡಿನದು. ಮುಖ್ಯ ಸಂಗತಿಯೆಂದರೆ, ಆಗಿನ ಎಂಜಿನಿಯರುಗಳು ಆ ಯಂತ್ರವನ್ನೇ 'ಡಿಸ್ಕ್ ಫೈಲ್' ಎನ್ನುತ್ತಿದ್ದರು. ಫೈಲ್ ಎಂದರೆ ಬರೆದದ್ದಲ್ಲ, ಬರೆಸಿಕೊಳ್ಳುವ ಯಂತ್ರ. ಕಾಲಕ್ರಮದಲ್ಲಿ ಆ ಹೆಸರು ಯಂತ್ರದ ಮೈಯಿಂದ ಜಾರಿ ಒಳಗಿನ ಬರಹಕ್ಕೆ ಹತ್ತಿತು. ಯಂತ್ರಕ್ಕೆ ಡ್ರೈವ್ ಎಂಬ ಹೆಸರು ಉಳಿಯಿತು. ಬಟ್ಟೆಯಿಂದ ಬರಹಕ್ಕೆ ಕಡತ ಜಾರಿದ್ದು ಹೀಗೆಯೇ ಅಲ್ಲವೇ?

ಈ ಜಾರುವಿಕೆಯಲ್ಲಿ ಒಂದು ತೊಡಕಿದೆ. ಕಡತವೆಂದರೆ ಬಟ್ಟೆ ಎಂದಿದ್ದಾಗ ಜಿರಳೆ, ನೀರು, ಬೆಂಕಿಗಳ ಭಯ ಪದದೊಳಗೇ ಇತ್ತು; ಬರಹ ಮಾತ್ರ ಎಂದಾದ ಮೇಲೆ ಅದು ಎಲ್ಲಿಯೂ ಕೂರದೆ ತೇಲುತ್ತಿರುವ ಅಶರೀರಿ ಎಂಬ ಭ್ರಮೆ ಬಂದಿದೆ. 'ಕ್ಲೌಡ್' ಎಂಬ ಮಾತು ಆ ಭ್ರಮೆಗೆ ಇನ್ನಷ್ಟು ಗಾಳಿ ಊದಿತು. ಕರ್ನಾಟಕದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ದೊಡ್ಡ ಕೆಲಸ. ಆದರೂ ಪಹಣಿಗೆಂದು ಹೋದವರಿಗೆ 'ಸರ್ವರ್ ಇಲ್ಲ' ಎಂಬ ಉತ್ತರ ಸಿಕ್ಕ ದಿನ ಕಡತಕ್ಕೊಂದು ಮೈಯಿದೆ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಸರ್ವರಿಗೋ ಮನೆಯ ಗಣಕಕ್ಕೋ ಡ್ರೈವ್ ಆರಿಸುವುದೆಂದರೆ ಕಡತಕ್ಕೆ ಬಟ್ಟೆ ಆರಿಸುವುದೇ. ಹಿಂದಿನವರು ದಾನವನ್ನು ಕಲ್ಲಿಗೆ, ತಾಮ್ರಪಟಕ್ಕೆ ಹಾಕಿದರು, ಕಾವ್ಯವನ್ನು ಓಲೆಗೆ, ದಿನದ ಲೆಕ್ಕವನ್ನು ಕಡತಕ್ಕೆ. ಎಷ್ಟು ಸಲ ಒರೆಸಿ ಬರೆಯಬೇಕು, ಎಷ್ಟು ಕಾಲ ಉಳಿಯಬೇಕು, ಎಷ್ಟು ಬೇಗ ಸಿಗಬೇಕು ಎಂದು ಕೇಳಿಕೊಂಡೇ ಅವರು ಆ ವಿಂಗಡಣೆ ಮಾಡಿದ್ದು. ಟೆರಾಬೈಟಿಗೆ ಎಷ್ಟು ರೂಪಾಯಿ ಎಂದು ಮೊದಲು ಕೇಳುವ ನಮ್ಮ ಅಭ್ಯಾಸಕ್ಕಿಂತ ಅದು ಮೇಲು.

ಡಿಸ್ಕ್, ಡ್ರೈವ್ ಎಂಬ ಮಾತುಗಳಿಗೂ ಒಂದು ನೋಟ ಸಲ್ಲಬೇಕು. ಗ್ರೀಕರು ಎಸೆಯುತ್ತಿದ್ದ ದಿಸ್ಕಸ್ಸೇ ಊಟದ ಡಿಶ್, ಬರೆಯುವ ಡೆಸ್ಕ್, ತಿರುಗುವ ಡಿಸ್ಕ್, ಮೂರೂ ಆಗಿದೆ. ಫ್ಲಾಪಿ ಎಂಬ ಬಳುಕುವ ತಟ್ಟೆ ಬಂದ ಮೇಲೆಯೇ ಹಳೆಯದಕ್ಕೆ 'ಹಾರ್ಡ್' ಎಂಬ ವಿಶೇಷಣ ಬೇಕಾಯಿತು. ಹೊಸ ಮಗು ಹುಟ್ಟಿದ ಮೇಲೆ ಮೊದಲಿನದು ದೊಡ್ಡಮಗುವಾದ ಹಾಗೆ. ಡ್ರೈವ್ ಎಂದರೆ ತಟ್ಟೆಯನ್ನೋ ಟೇಪನ್ನೋ ತಿರುಗಿಸುವ, ಓಡಿಸುವ ಭಾಗ. ಸಿಲಿಕಾನ್ ಚಿಪ್ಪಿನಲ್ಲಿ ಬರಹ ಹಿಡಿದಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಆದರೂ ಅದು ಡ್ರೈವ್. ಪೆನ್ನಿನಲ್ಲಿ ಬರೆಯುವಂಥದ್ದೂ ಇಲ್ಲ, ಓಡುವಂಥದ್ದೂ ಇಲ್ಲ, ಆದರೂ ಪೆನ್ ಡ್ರೈವ್. ಪದಗಳು ಬಾಡಿಗೆ ಕರಾರು ಮುಗಿದ ಮೇಲೂ ಮನೆ ಬಿಡುವುದಿಲ್ಲ.

ಡ್ರೈವ್ ಆರಿಸುವ ಮಾತಿಗೆ ಮರಳಿದರೆ, ತಿರುಗುವ ಡಿಸ್ಕು ಇನ್ನೂ ಅಗ್ಗ, ಹೊಟ್ಟೆ ದೊಡ್ಡದು. ವಿಡಿಯೊ, ಹಳೆಯ ಲೆಕ್ಕ, ಬ್ಯಾಕಪ್ಪುಗಳಂಥ ಭಾರಕ್ಕೆ ಅದೇ ಸರಿ. ಆದರೆ ಕೊಳ್ಳುವಾಗ ಒಂದು ಪದವನ್ನು ಹುಡುಕಲೇಬೇಕು. ಹೆಚ್ಚು ಹಿಡಿಸಲೆಂದು ಬರೆಹದ ಸಾಲುಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಜೋಡಿಸುವ ಎಸ್‌ಎಂಆರ್ ಎಂಬ ವಿಧಾನವಿದೆ. ನಡುವಿನ ಒಂದು ಸಾಲು ತಿದ್ದಬೇಕಾದರೆ ಅದರ ಮೇಲೆ ಬಿದ್ದ ಸಾಲುಗಳನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದು ಓದುತ್ತಿರುವ ಕಡತಕ್ಕೆ ತೊಂದರೆಯಿಲ್ಲ, ದಿನವೂ ತಿದ್ದುವ ಕಡತಕ್ಕೆ ಅದು ಆಗದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಜಾಲದ ಶೇಖರಣೆಗೆಂದೇ ಮಾರುತ್ತಿದ್ದ ತನ್ನ 'ರೆಡ್' ಸಾಲಿನ ಕೆಲವು ಡಿಸ್ಕುಗಳಲ್ಲಿ ಈ ವಿಧಾನವಿದೆಯೆಂದು ಒಪ್ಪಿಕೊಂಡ ಮೇಲೆ, ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ಮಾದರಿಗಳನ್ನು 'ರೆಡ್ ಪ್ಲಸ್' ಎಂದು ಬೇರೆಯಾಗಿಸಿತು. ಒಂದು 'ಪ್ಲಸ್' ಎಂಬ ಪ್ರತ್ಯಯದಲ್ಲಿ ಇಷ್ಟು ಅರ್ಥ ಅಡಗಿರುವುದು ಪಾಣಿನಿಗೂ ಹಿಡಿಸುತ್ತಿತ್ತು.

ಎಸ್‌ಎಸ್‌ಡಿಯ ಕಡೆಗೆ ಬಂದರೆ ನಮ್ಮ ಕರಿಬಟ್ಟೆ ಇನ್ನಷ್ಟು ಹತ್ತಿರವಾಗುತ್ತದೆ. ಅದರೊಳಗಿನ ಫ್ಲ್ಯಾಶ್ ನೆನಪನ್ನು ರೂಪಿಸಿದ್ದು ತೊಶಿಬಾದ ಫುಜಿಯೊ ಮಸುಓಕ. ಒಂದೇಟಿಗೆ ಇಡೀ ಭಾಗ ಅಳಿಸಿಹೋಗುವುದನ್ನು ನೋಡಿ ಅವನ ಸಹೋದ್ಯೋಗಿಗೆ ಕ್ಯಾಮರಾದ ಫ್ಲ್ಯಾಶ್ ನೆನಪಾಗಿ ಆ ಹೆಸರು ಬಂತು. ಬರೆಯುವ ವೇಗಕ್ಕಲ್ಲ, ಅಳಿಸುವ ಪರಿಗೆ ಇಟ್ಟ ಹೆಸರು. ಇದರಲ್ಲಿ ಬರೆಯುವುದು ಪುಟಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನೇ. ಬರೆದ ಪುಟದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಪ್ರತಿ ಅಳಿಸುವಿಕೆಗೂ ಕಣಗಳು ಸ್ವಲ್ಪ ಸವೆಯುತ್ತವೆ, ಒರೆಸಿ ಒರೆಸಿ ಲೇಪ ತೆಳುವಾದಂತೆ. ಕಣಕ್ಕೆ ಒಂದೇ ಬಿಟ್ ಇಟ್ಟಿದ್ದ ಎಸ್‌ಎಲ್‌ಸಿ ಲಕ್ಷ ಸಲದ ಹತ್ತಿರ ತಾಳುತ್ತಿತ್ತು. ಮೂರು ಬಿಟ್ಟಿನ ಟಿಎಲ್‌ಸಿ ಒಂದರಿಂದ ಮೂರು ಸಾವಿರ, ನಾಲ್ಕರ ಕ್ಯೂಎಲ್‌ಸಿ ಸಾವಿರದ ಆಸುಪಾಸು. ಅದಕ್ಕೇ ಡ್ರೈವಿನ ವಿವರಪಟ್ಟಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದೆಂಬ ಲೆಕ್ಕವಿರುತ್ತದೆ. ಮನೆಬಳಕೆಯ 1 ಟಿಬಿ ಟಿಎಲ್‌ಸಿ ಡ್ರೈವಿಗೆ 600 ಟಿಬಿ ಎಂದಿರುವುದು ಸಾಮಾನ್ಯ: ದಿನಕ್ಕೆ 30 ಜಿಬಿ ಬರೆದರೂ ಐವತ್ತು ವರ್ಷ ಮೀರುತ್ತದೆ, ಸವೆತದ ಚಿಂತೆಯಲ್ಲಿ ನಿದ್ದೆಗೆಡುವ ಅಗತ್ಯವಿಲ್ಲ. ಸರ್ವರಿನ ಮಾತು ಬೇರೆ. ಅಲ್ಲಿ ದಿನಕ್ಕೆ ಎಷ್ಟು ಸಲ ಇಡೀ ಡ್ರೈವ್ ತುಂಬಿಸಬಹುದು ಎಂದು ಎಣಿಸುತ್ತಾರೆ, 3.84 ಟಿಬಿಯದಕ್ಕೆ ದಿನಕ್ಕೊಂದು ಸಲದಂತೆ ಐದು ವರ್ಷವೆಂದರೆ ಏಳು ಸಾವಿರ ಟಿಬಿ. ಡೇಟಾಬೇಸಿಗೆ ಅಂಥದ್ದೇ ಬೇಕು. ಯಾವುದೇ ಆಗಲಿ, ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಬಾರದು. ಒಳಗಿನ ಬ್ಲಾಕುಗಳನ್ನು ಸ್ಥಳಾಂತರಿಸಿ ಅಳಿಸಲು ಅದಕ್ಕೆ ಖಾಲಿ ಜಾಗ ಬೇಕು.

ಇನ್ನು ವಿದ್ಯುತ್ ಕಡಿತ. ನಾವು 'ಉಳಿಸು' ಒತ್ತಿದ ಕಡತ ಒಮ್ಮೊಮ್ಮೆ ಡ್ರೈವಿನ ತಾತ್ಕಾಲಿಕ ನೆನಪಿನಲ್ಲಿ ಇನ್ನೂ ಕಾಯುತ್ತಿರುತ್ತದೆ. ಆ ಕ್ಷಣ ಕರೆಂಟು ಹೋದರೆ ಅದು ಎಲ್ಲಿಯೂ ಇಲ್ಲ. ಸರ್ವರಿಗೆಂದು ಮಾಡಿದ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರುಗಳ ಸಾಲೊಂದು ಆ ಕೊನೆಯ ಬರೆಹ ಮುಗಿಯುವಷ್ಟು ವಿದ್ಯುತ್ತನ್ನು ಕಟ್ಟಿಕೊಂಡಿರುತ್ತದೆ. ಬೆಲೆಯ ವ್ಯತ್ಯಾಸಕ್ಕೆ ಇದೊಂದು ಕಾರಣ. ಡೇಟಾಬೇಸ್ ಇರುವಲ್ಲಿ ಇದನ್ನು ಬಿಟ್ಟು ಹಣ ಉಳಿಸುವುದು ನನಗೆ ಸರಿಕಾಣದು. ಕಡಿತ ಕ್ಷಣದ್ದಲ್ಲದೆ ದೀರ್ಘವಾದರೂ ಕಷ್ಟವೇ, ಏಕೆಂದರೆ ಫ್ಲ್ಯಾಶಿನ ಕಣದಲ್ಲಿ ಹಿಡಿದಿಟ್ಟ ವಿದ್ಯುದಾವೇಶ ನಿಧಾನವಾಗಿ ಸೋರುತ್ತದೆ. ಬರೆಯುವ ಆಯುಸ್ಸು ಮುಗಿದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ, ಸರ್ವರಿನದು 40 ಡಿಗ್ರಿಯಲ್ಲಿ ಮೂರು ತಿಂಗಳು ಕರೆಂಟಿಲ್ಲದೆ ನೆನಪಿಟ್ಟುಕೊಳ್ಳಬೇಕು ಎಂಬುದು ಚಿಪ್ ಉದ್ಯಮದ ಜೆಡೆಕ್ ಮಾನದಂಡದ ಕನಿಷ್ಠ ನಿರೀಕ್ಷೆ. ಆದ್ದರಿಂದ ಮದುವೆಯ ವಿಡಿಯೊವನ್ನು ಎಸ್‌ಎಸ್‌ಡಿಗೆ ತುಂಬಿ ಬೀರುವಿನಲ್ಲಿ ಬೀಗ ಹಾಕಿಡುವುದು ಬೇಡ. ಶಾಸನದಂತೆ ಇಡಬೇಕಾದದ್ದಕ್ಕೆ ದೊಡ್ಡ ಸಂಸ್ಥೆಗಳು ಇಂದಿಗೂ ಟೇಪನ್ನೇ ನಂಬುತ್ತವೆ. ಎಲ್‌ಟಿಒ ಒಂಬತ್ತನೇ ತಲೆಮಾರಿನ ಒಂದು ಕ್ಯಾಸೆಟ್ಟು 18 ಟಿಬಿ ಹಿಡಿಯುತ್ತದೆ.

ಒಂದು ಡ್ರೈವ್ ಸಾಲದು ಎಂದಾಗ ಬರುವ ಮಾತು ರೇಡ್. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ಬರೆದ ಪ್ರಬಂಧದಲ್ಲಿ ಆ ಸಂಕ್ಷೇಪದ 'ಐ' ಎಂದರೆ ಅಗ್ಗದ ಡಿಸ್ಕುಗಳು: ದುಬಾರಿಯ ದೊಡ್ಡದೊಂದರ ಬದಲು ಅಗ್ಗದವು ಹಲವು, ಒಂದು ಸತ್ತರೆ ಉಳಿದವು ಅದರ ಬರಹವನ್ನು ಮತ್ತೆ ಕಟ್ಟಿಕೊಡಬೇಕು. ಆಮೇಲೆ ರೇಡ್ ಪೆಟ್ಟಿಗೆಗಳನ್ನು ಮಾರುವವರಿಗೆ ಅಗ್ಗ ಎಂಬ ಮಾತು ಮುಜುಗರವಾಗಿರಬೇಕು, ಅದೇ 'ಐ' ಈಗ 'ಸ್ವತಂತ್ರ' ಎಂಬುದಕ್ಕೆ ನಿಲ್ಲುತ್ತದೆ. ಅರ್ಥದ ಈ ಬಡ್ತಿಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಒಂದೇ ಕಾರ್ಖಾನೆಯಿಂದ ಒಂದೇ ವಾರ ಹೊರಬಿದ್ದು, ಒಂದೇ ಪೆಟ್ಟಿಗೆಯಲ್ಲಿ ಒಂದೇ ಬಿಸಿಯುಂಡು ತಿರುಗುವ ಎಂಟು ಡಿಸ್ಕುಗಳು ಎಷ್ಟು ಸ್ವತಂತ್ರ? ಒಂದು ಹೋದಾಗ ಉಳಿದವುಗಳನ್ನು ಅಂಚಿನಿಂದ ಅಂಚಿಗೆ ಓದಿ ಮರುಕಟ್ಟಬೇಕು, ದೊಡ್ಡ ಡಿಸ್ಕಿಗೆ ಅದು ದಿನಗಟ್ಟಲೆಯ ಕೆಲಸ, ಆಗಲೇ ಎರಡನೆಯದು ಕೈಕೊಡಬಹುದು. ಮನೆಬಳಕೆಯ ಡಿಸ್ಕುಗಳು ಹತ್ತಿರ ಹತ್ತಿರ 12.5 ಟಿಬಿ ಓದಿಗೆ ಒಂದು ಓದಲಾಗದ ತಪ್ಪನ್ನು ತಮ್ಮ ವಿವರಪಟ್ಟಿಯಲ್ಲೇ ಒಪ್ಪಿಕೊಂಡಿರುತ್ತವೆ. ಅದಕ್ಕಾಗಿ ದೊಡ್ಡ ಡಿಸ್ಕುಗಳಿಗೆ ಎರಡು ಸಾವುಗಳನ್ನು ತಾಳುವ ರೇಡ್ 6, ಬೇರೆಬೇರೆ ತಂಡಗಳಿಂದ ಆರಿಸಿದ ಡಿಸ್ಕು, ಇವೆರಡೂ ಇರಲಿ. ಇಷ್ಟಾದರೂ ರೇಡ್ ಬ್ಯಾಕಪ್ ಅಲ್ಲ: ಕೈತಪ್ಪಿ ಅಳಿಸಿದ್ದನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಲ್ಲೂ ಅಳಿಸುತ್ತದೆ. ನಕಲು ಬೇರೆ ಊರಲ್ಲಿರಬೇಕು.

ಡ್ರೈವುಗಳು ತಮ್ಮ ಆರೋಗ್ಯವನ್ನು ತಾವೇ ಬರೆದಿಡುವ 'ಸ್ಮಾರ್ಟ್' ಎಂಬ ಪಟ್ಟಿಯುಂಟು. ಕೆಟ್ಟ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಬರಹವನ್ನು ಸಾಗಿಸಿದ ಎಣಿಕೆ, ಓದಲಾಗದೆ ಬಾಕಿಯಿರುವ ಜಾಗಗಳ ಎಣಿಕೆ, ಈ ಎರಡು ಸೊನ್ನೆಯಿಂದ ಮೇಲೇಳತೊಡಗಿದರೆ ಹೊಸ ಡಿಸ್ಕಿಗೆ ಹೇಳಿಕಳಿಸುವುದು ಲೇಸು. 2007ರಲ್ಲಿ ಗೂಗಲ್ ತನ್ನ ಲಕ್ಷಕ್ಕೂ ಮಿಕ್ಕ ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದಾಗ, ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವ ಸ್ಕ್ಯಾನಿನಲ್ಲಿ ಮೊದಲ ತಪ್ಪು ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ ಉಳಿದವಕ್ಕಿಂತ 39 ಪಟ್ಟು ಎಂದು ತಿಳಿಯಿತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ಜನ ಅಷ್ಟಾಗಿ ನೆನೆಯುವುದಿಲ್ಲ: ಸತ್ತ ಡಿಸ್ಕುಗಳಲ್ಲಿ ಶೇ 56ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಹೋಗಿದ್ದವು.

ಕಡತದ ಕೊನೆಯ ಮಜಲಿಗೆ, ವಿಲೇವಾರಿಗೆ ಬರೋಣ. ಗಣಕದ ಕನ್ನಡದಲ್ಲಿ ಉಳಿಸು, ಅಳಿಸು ಎಂಬ ಎರಡು ಕ್ರಿಯೆಗಳು ಪಕ್ಕಪಕ್ಕದಲ್ಲಿವೆ. ಹಳಗನ್ನಡದಲ್ಲಿ ಇವು ಉೞಿ, ಅೞಿ. ಆ ರೞಕಾರ ನಮ್ಮ ನಾಲಗೆಯಿಂದ ಅಳಿದೇ ಹೋಯಿತು, ಧಾತುಗಳು ಉಳಿದವು. ಡಿಸ್ಕಿನಲ್ಲಿ ಅಳಿಸು ಎಂದರೆ ನಿಜವಾಗಿ ಅಳಿಸುವುದಲ್ಲ, ಪಟ್ಟಿಯಿಂದ ಹೆಸರು ತೆಗೆಯುವುದು ಮಾತ್ರ. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತು ಕೇಳಿದವರ ಕಿವಿಯಲ್ಲಿ ಉಳಿದಂತೆ ಬರಹ ಅಲ್ಲೇ ಉಳಿದಿರುತ್ತದೆ, ಬೇರೆ ಬರಹ ಅದರ ಮೇಲೆ ಬೀಳುವ ತನಕ. ಹಳೆಯ ಗಣಕವನ್ನು ಗುಜರಿಗೆ ಕೊಡುವವರು ಮರೆಯುವುದು ಇದನ್ನೇ. ವಿಲೇವಾರಿ ಮರಾಠಿಯ ಬಳಗದ ಮಾತು, ಅಲ್ಲಿ ವಿಲ್ಹೆ ಎಂದರೆ ವ್ಯವಸ್ಥೆ, ಒಪ್ಪ; ಎಸೆಯುವುದಲ್ಲ, ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಿಸುವುದು. ತಿರುಗುವ ಡಿಸ್ಕಿನ ಮೇಲೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು. ಎಸ್‌ಎಸ್‌ಡಿಗೆ ಅದು ನಡೆಯದು, ಸವೆತ ಹಂಚಲೆಂದು ಅದು ನಾವು ಹೇಳಿದ ಜಾಗ ಬಿಟ್ಟು ಬೇರೆಡೆ ಬರೆಯುತ್ತದೆ, ಹಳೆಯದು ನಮ್ಮ ಕೈಗೆಟುಕದ ಮೂಲೆಯಲ್ಲಿ ಇದ್ದರೂ ಇದ್ದೀತು. ಡ್ರೈವಿನೊಳಗೇ ಇರುವ ಅಳಿಸುವ ಆಜ್ಞೆಯನ್ನು ಕೊಡಬೇಕು. ಕೆಟ್ಟುಹೋದ ಡ್ರೈವ್ ಆ ಆಜ್ಞೆಯನ್ನೂ ಕೇಳದು. ಆದ್ದರಿಂದ ಬಲ್ಲವರು ಕೊಂಡ ದಿನವೇ ಇಡೀ ಡ್ರೈವನ್ನು ಗೂಢಲಿಪಿಗೆ ಒಪ್ಪಿಸಿರುತ್ತಾರೆ, ವಿಲೇವಾರಿಯ ದಿನ ಕೀಲಿಯನ್ನು ನಾಶಮಾಡಿದರೆ ಕೆಲಸ ಮುಗಿಯಿತು.